ಆರು ತಿಂಗಳ ನೆಂಟರು

(ದತ್ತಿ ಉಪನ್ಯಾಸದ ಅಚ್ಚಿನ ರೂಪ)



ಪರದೇಶದಲ್ಲಿ ಸಂಸಾರ ಹೂಡಿದ ಮಕ್ಕಳು ಊರಿನಿಂದ ತಂದೆತಾಯಿಯನ್ನು ಕರೆಸಿಕೊಳ್ಳುವುದು, ಕೆಲವು ತಿಂಗಳು ಜೊತೆಗಿಟ್ಟುಕೊಳ್ಳುವುದು, ಆಮೇಲೆ ಕಳಿಸಿಕೊಡುವುದು, ಇದು ನನ್ನ ವಿಷಯ. ದತ್ತಿ ಉಪನ್ಯಾಸಕ್ಕೆ ಇಂಥ ಮನೆವಾರ್ತೆ ಒಪ್ಪುತ್ತದೆಯೇ ಎಂದು ಹಿರಿಯರೊಬ್ಬರು ಫೋನಿನಲ್ಲೇ ಕೇಳಿದರು. ಶಾಸನದ ಮೇಲೆ, ವಚನದ ಮೇಲೆ ಮಾತಾಡಲು ನನಗಿಂತ ಬಲ್ಲವರು ಜಿಲ್ಲೆಯ ತುಂಬ ಇದ್ದಾರೆ. ನಾನು ಹೇಳಬಲ್ಲದ್ದು ಇದು. ಇಲ್ಲಿ ಕೂತಿರುವವರಲ್ಲಿ ಎಷ್ಟೋ ಜನಕ್ಕೆ ಇದು ನನ್ನಷ್ಟೇ ಗೊತ್ತು, ಆದರೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಮಾತಾಡಿ ಮುಗಿಸುತ್ತೇವೆ. ಸಭೆಗೆ ತಂದಿಲ್ಲ, ಅಷ್ಟೇ.

ಮಾತು ಅಮೆರಿಕದಿಂದ ಶುರುವಾಗಬೇಕು ಎಂದು ನೀವು ಎಣಿಸಿರಬಹುದು. ನಾನು ಈ ಊರಿನ, ಈ ಬಲಸಮುದ್ರದ ಹೊಲದಿಂದ ಶುರು ಮಾಡುತ್ತೇನೆ. ಬಲಸಮುದ್ರ, ತಿರುಮಣಿ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು, ಪಾವಗಡ ತಾಲ್ಲೂಕಿನ ಈ ಐದು ಊರುಗಳ ಸುಮಾರು 13,000 ಎಕರೆ ಇವತ್ತು ಸೋಲಾರ್ ಪ್ಲೇಟುಗಳ ಕೆಳಗಿದೆ. ಒಟ್ಟು 2,050 ಮೆಗಾವ್ಯಾಟ್. 2018ರ ಮಾರ್ಚ್ 1ರಂದು ಉದ್ಘಾಟನೆಯಾದಾಗ ಇದಕ್ಕೆ ಶಕ್ತಿಸ್ಥಳ ಎಂದು ಹೆಸರಿಟ್ಟರು. ಸರ್ಕಾರ ಇಲ್ಲಿ ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಪಹಣಿಯಲ್ಲಿ ಹೆಸರು ರೈತನದೇ, ಹೊಲದೊಳಗೆ ಕಾಲಿಡಬೇಕಾದರೆ ಮಾತ್ರ ತಂತಿ ಬೇಲಿ. ಮಳೆ ನಂಬಿ ಕಡ್ಲೇಕಾಯಿ ಬಿತ್ತಿ ಬಿತ್ತನೆ ಬೀಜದ ದುಡ್ಡೂ ಹುಟ್ಟದೆ ಕಂಗಾಲಾದ ನೆಲಕ್ಕೆ ಈ ಬಾಡಿಗೆ ಸಣ್ಣ ಮಾತಲ್ಲ. ತುಂಡು ಹೊಲವೂ ಇಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಹೋಯಿತು ಎಂಬುದೂ ಸಣ್ಣ ಮಾತಲ್ಲ. ಅದರ ಲೆಕ್ಕ ಇನ್ನೊಂದು ದಿನ ಆಗಬೇಕು, ಇನ್ನೊಬ್ಬರಿಂದ ಆಗಬೇಕು.

ಇದಕ್ಕೂ ಪರದೇಶದ ನೆಂಟಸ್ತಿಕೆಗೂ ಏನು ಸಂಬಂಧ? ಬೇಸಾಯಗಾರ ಮನೆ ಬಿಟ್ಟು ಆರು ತಿಂಗಳು ಇರಲಾರ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವವರು ಯಾರು? ಮುಂಗಾರಿಗೆ ಬಿತ್ತನೆ, ಆಮೇಲೆ ಕಳೆ, ದೀಪಾವಳಿ ಹೊತ್ತಿಗೆ ಕಾಯಿ ಕೀಳುವುದು, ಬಿಡಿಸುವುದು. ಮಗಳ ಮನೆ ಬೆಂಗಳೂರಿನಲ್ಲಿದ್ದರೂ ಎರಡನೇ ರಾತ್ರಿಗೆ ಎಮ್ಮೆಯ ನೆನಪು. ನಮ್ಮಪ್ಪ ನನ್ನ ಗೃಹಪ್ರವೇಶಕ್ಕೆ ಬಂದು ಊಟ ಮಾಡಿ ಕೈ ತೊಳೆದವರೇ ಕೊನೇ ಬಸ್ಸು ಹಿಡಿದಿದ್ದರು. ಹೊಲ ಗುತ್ತಿಗೆಗೆ ಹೋಯಿತು. ಮೇವು ಇಲ್ಲದ ಮೇಲೆ ದನ ಕಟ್ಟಿ ಏನು ಮಾಡುವುದು, ಕೊಟ್ಟುಬಿಟ್ಟರು. ಆಗ ಆರು ತಿಂಗಳು ಎಲ್ಲಿಗಾದರೂ ಹೋಗಬಹುದಾಯಿತು. ಈ ಭಾಗದ ಹಿರಿಯರು ಮಕ್ಕಳ ಮನೆಗೆ ವಿಮಾನ ಹತ್ತುವಂತಾದದ್ದಕ್ಕೆ ಮಕ್ಕಳ ಸಂಬಳವೊಂದೇ ಕಾರಣವಲ್ಲ. ಇಲ್ಲಿ ತಡೆದು ನಿಲ್ಲಿಸುತ್ತಿದ್ದ ಕೆಲಸ ಇಲ್ಲವಾದದ್ದೂ ಕಾರಣ. ಈ ಎರಡನೆಯದನ್ನು ನಾವು, ಕರೆಸಿಕೊಂಡವರು, ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ. ನನ್ನ ಇಡೀ ಮಾತು ಅದರ ಮೇಲೇ ನಿಂತಿದೆ.

ಹೀಗೆ ಹೋಗಿಬಂದ ಹಿರಿಯರ ಬಗ್ಗೆ ಕನ್ನಡದಲ್ಲಿ ಪುಸ್ತಕಗಳಿವೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕದಲ್ಲಿ ಗೊರೂರು’ ಎಲ್ಲರಿಗೂ ಗೊತ್ತು, 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಕಾಲಕ್ಕೆ ಹಳ್ಳಿಯ ಹಿರಿಯರೊಬ್ಬರು ಅಮೆರಿಕ ಕಂಡುಬರುವುದೇ ಒಂದು ಪುಸ್ತಕಕ್ಕಾಗುವ ಸುದ್ದಿ. ಈಗ ಸುದ್ದಿಯಲ್ಲ. ಕೊರಟಗೆರೆಯಲ್ಲಿ, ಮಧುಗಿರಿಯಲ್ಲಿ, ಶಿರಾದಲ್ಲಿ ಯಾವ ಬೀದಿಗೆ ಹೋದರೂ ನ್ಯೂಜೆರ್ಸಿಯ ಚಳಿ ಬಗ್ಗೆ, ಡಲ್ಲಾಸಿನ ಸೆಕೆ ಬಗ್ಗೆ ಹೇಳುವ ಅಜ್ಜಿ ಒಬ್ಬರಾದರೂ ಸಿಗುತ್ತಾರೆ. ಆದರೆ ಪುಸ್ತಕಗಳೆಲ್ಲ ಹೋದವರು ಬರೆದದ್ದು. ಕರೆಸಿಕೊಂಡವರ ಕಡೆಯ ಮಾತು ಕಡಿಮೆ. ಹನ್ನೆರಡು ವರ್ಷ ನ್ಯೂಜೆರ್ಸಿಯಲ್ಲಿದ್ದು ಈಗ ಬೆಂಗಳೂರಿಗೆ ಮರಳಿರುವ ನಾನು ಆ ಕಡೆಯವಳು.

ಮೊದಲು ಕಾಗದದ ಮಾತು. ಅಮೆರಿಕದ ಪೌರತ್ವ ಸಿಕ್ಕ, 21 ತುಂಬಿದ ಮಕ್ಕಳು ಮಾತ್ರ ತಂದೆತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ನಮ್ಮಂತೆ ಎಚ್-1ಬಿ ಉದ್ಯೋಗ ವೀಸಾ ಮೇಲೆ ಹೋದವರು, ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರು, ಹಡೆದವರನ್ನೂ ಪ್ರವಾಸಿಗರೆಂದೇ ಕರೆಸಿಕೊಳ್ಳಬೇಕು. ಅದಕ್ಕೆ ಬಿ-2 ವೀಸಾ. ಹತ್ತು ವರ್ಷದ ವೀಸಾ ಸಿಕ್ಕಿತು ಎಂದು ಊರಲ್ಲಿ ಸಿಹಿ ಹಂಚುತ್ತಾರೆ. ಆದರೆ ಆ ಹತ್ತು ವರ್ಷ ಬಾಗಿಲು ತಟ್ಟುವುದಕ್ಕೆ ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಎಂಬುದನ್ನು ಅಲ್ಲಿ ಇಳಿದಾಗ ಅಧಿಕಾರಿ ನಿರ್ಧರಿಸುತ್ತಾನೆ, ಸಾಮಾನ್ಯವಾಗಿ ಆರು ತಿಂಗಳು. ಐ-94 ಎಂಬ ದಾಖಲೆಯಲ್ಲಿ ಆ ತಾರೀಖು ಕೂತಿರುತ್ತದೆ. ಅಂದರೆ ಬೀಳ್ಕೊಡುವ ದಿನ ಬಂದಿಳಿದ ದಿನವೇ ಗೊತ್ತಾಗುತ್ತದೆ.

ಬೇರೆ ದೇಶಗಳ ಅಳತೆ ಬೇರೆ. ಬ್ರಿಟನ್ನಿನಲ್ಲೂ ಆರು ತಿಂಗಳೇ. ಜರ್ಮನಿ, ನೆದರ್ಲೆಂಡ್ಸ್ ಸೇರಿದ ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ, ಬಾಣಂತನ ಮುಗಿಯುವ ಹೊತ್ತಿಗೆ ಮೂಟೆ ಕಟ್ಟಬೇಕು. ಕೆನಡಾ 2011ರಲ್ಲಿ ತಂದೆತಾಯಿಗೆಂದೇ ಸೂಪರ್ ವೀಸಾ ತಂದಿತು. 2022ರ ಜುಲೈಯಿಂದ ಒಂದು ಸಲ ಹೋದರೆ ಐದು ವರ್ಷ ಇರಬಹುದು. ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ, ಆದರೆ ಐದು ವರ್ಷ ಬಲಸಮುದ್ರ ಬಿಟ್ಟಿರು ಎಂದರೆ ನಮ್ಮಪ್ಪ ಪಾಸ್‌ಪೋರ್ಟನ್ನೇ ಒಲೆಗೆ ಹಾಕುತ್ತಿದ್ದರು.

2019ರಲ್ಲಿ ಅಪ್ಪ ಅಮ್ಮನ ವೀಸಾ ಸಂದರ್ಶನ ಚೆನ್ನೈಯಲ್ಲಿ. ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ ತೆರೆದದ್ದು 2025ರ ಜನವರಿಯಲ್ಲಿ. ಆಗ ಒಬ್ಬರಿಗೆ 160 ಡಾಲರ್ ಶುಲ್ಕವಿತ್ತು. ಇಬ್ಬರದೂ ಸೇರಿ ಹೆಚ್ಚುಕಮ್ಮಿ ಒಂದು ಎಕರೆಯ ಒಂದು ವರ್ಷದ ಬಾಡಿಗೆ ಎಂದು ಅಪ್ಪ ಲೆಕ್ಕ ಹಾಕಿದರು. ಅಲ್ಲಿನ ಕಾನೂನಿನ ಪ್ರಕಾರ ಇಂಥ ವೀಸಾ ಕೇಳುವವರನ್ನೆಲ್ಲ ಮೊದಲಿಗೆ ಅಲ್ಲೇ ಉಳಿಯಲು ಹೊರಟವರೆಂದೇ ಎಣಿಸಬೇಕು. ಅಲ್ಲ, ವಾಪಸು ಬರುತ್ತೇನೆ ಎಂದು ತೋರಿಸುವ ಹೊಣೆ ಕೇಳುವವರದು. ಮಗಳನ್ನು ನೋಡಬೇಕಾದರೆ ಮಗಳ ಹತ್ತಿರ ನಿಲ್ಲುವುದಿಲ್ಲ ಎಂದು ಮೊದಲು ಒಪ್ಪಿಸಬೇಕು. ಅಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಸೋಲಾರ್ ಗುತ್ತಿಗೆಯ ಕರಾರುಪತ್ರ, ಬ್ಯಾಂಕಿನ ಪಾಸ್‌ಬುಕ್ಕು ಜೋಡಿಸಿಕೊಂಡು ಹೋಗಿದ್ದರು. ಕಿಟಕಿಯಾಚೆಯವರು ಅದನ್ನು ಬಿಚ್ಚಿಯೂ ನೋಡಲಿಲ್ಲ. “ಯಾರ ಮನೆಗೆ? ಎಷ್ಟು ದಿನಕ್ಕೆ?” ಎರಡೇ ಮಾತು, ಮುಗಿಯಿತು. ಕಾಲಿಡಲಾಗದ ಹೊಲದ ಪಹಣಿ ಇಟ್ಟುಕೊಂಡು ‘ಹೊಲ ಇದೆ, ವಾಪಸ್ಸು ಬರ್ತೀನಿ’ ಎಂದು ಸಾಬೀತು ಮಾಡಲು ಹೊರಟಿದ್ದರಲ್ಲ, ಅದು ನನಗೆ ಇವತ್ತಿಗೂ ಬಿಡಿಸಲಾಗದ ಗಂಟು.

ಹೊರಡುವ ದಿನದ ವೈಭವ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡು ಸುಮೋ ತುಂಬ ಜನ. ಮಧುಗಿರಿ, ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಟಿಕೆಟ್ಟಿಲ್ಲದವರನ್ನು ಒಳಕ್ಕೆ ಬಿಡುವುದಿಲ್ಲವಾದ್ದರಿಂದ ಬಾಗಿಲಲ್ಲೇ ಕುಂಕುಮ, ಬಾಗಿಲಲ್ಲೇ ಅಳು. ಒಬ್ಬೊಬ್ಬರಿಗೆ 23 ಕಿಲೋದ ಎರಡು ಮೂಟೆ. ಅದರಲ್ಲಿ ಅವರ ಬಟ್ಟೆ ಕಾಲು ಭಾಗ. ಉಳಿದದ್ದು ರಾಗಿಹಿಟ್ಟು, ಹುಣಸೇಹಣ್ಣು, ಹುಚ್ಚೆಳ್ಳುಪುಡಿ, ಹುರಳಿ, ಬಾಣಂತಿ ಖಾರ. ಕೊಬ್ಬರಿ ಇಡಬಾರದು. ಎಣ್ಣೆ ಇರುವುದರಿಂದ ತಾನೇ ಕಾದು ಹೊತ್ತಿಕೊಳ್ಳಬಹುದಾದ ಸರಕು ಎಂದು ವಿಮಾನ ಸಾಗಣೆಯ ನಿಯಮದಲ್ಲಿ ಅದನ್ನು ಸೇರಿಸಿದ್ದಾರೆ. ತಿಪಟೂರಿನ ಜಿಲ್ಲೆಯವರಿಗೆ ಈ ಮಾತು ಹೇಳಿ ನಂಬಿಸುವುದು ಕಷ್ಟ. ಬಿತ್ತನೆ ಬೀಜವೂ ಹೋಗುವಂತಿಲ್ಲ. ದುಬೈಯಲ್ಲಿ ವಿಮಾನ ಬದಲಿಸಬೇಕು, ಇಂಗ್ಲಿಷ್ ಬಾರದು, ಅದಕ್ಕೆ ಗಾಲಿಕುರ್ಚಿ ಬರೆಸುತ್ತೇವೆ. ನಡೆಯಲಾಗದೆ ಅಲ್ಲ, ದಾರಿ ಕೇಳಲಾಗದೆ. ದಿನಕ್ಕೆ ಹತ್ತು ಮೈಲಿ ನಡೆದ ಕಾಲಿನ ಅಪ್ಪ ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಗಾಲಿಕುರ್ಚಿ ಮೇಲೆ ನಾಚಿಕೊಂಡು ಕೂತು ಬಂದರು. ನಮ್ಮನ್ನು ಕಂಡ ತಕ್ಷಣ ಎದ್ದು ನಿಂತುಬಿಟ್ಟರು, ತಳ್ಳಿಕೊಂಡು ಬಂದ ಹುಡುಗಿ ಬೆಚ್ಚಿದಳು.

ಇನ್ನು ಮನೆಯೊಳಗಿನ ಮಾತು. ನಾವು ಸಾಮಾನ್ಯವಾಗಿ ಇದನ್ನು ಆತಿಥ್ಯ ಎನ್ನುತ್ತೇವೆ. ನಯಾಗರಾ ತೋರಿಸಿದ್ದು, ಬ್ರಿಡ್ಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದು, ಬೃಂದಾವನ ಕನ್ನಡ ಕೂಟದ ಹಬ್ಬದೂಟ, ಇವನ್ನೆಲ್ಲ ಫೋಟೋ ಸಮೇತ ಹೇಳುತ್ತೇವೆ. ನಿಜ ಹೇಳಬೇಕೆಂದರೆ ಬಹುಪಾಲು ಮನೆಗಳಲ್ಲಿ ಹಿರಿಯರು ಬರುವುದು ದುಡಿಯಲು. ಚೊಚ್ಚಲು ಹೆರಿಗೆಗೆ ಮಗಳು ತವರಿಗೆ ಬರುವ ಪದ್ಧತಿ ತಿರುಗಿ, ತವರೇ ವಿಮಾನ ಹತ್ತಿ ಮಗಳ ಮನೆಗೆ ಬರುತ್ತದೆ. ಮೊದಲ ಆರು ತಿಂಗಳು ಹೆಣ್ಣಿನ ಕಡೆಯವರು, ಮುಂದಿನ ಆರು ತಿಂಗಳು ಗಂಡಿನ ಕಡೆಯವರು. ಅಷ್ಟರಲ್ಲಿ ಮಗುವಿಗೆ ವರ್ಷ ತುಂಬುತ್ತದೆ, ಶಿಶುವಿಹಾರದ ದುಬಾರಿ ಖರ್ಚು ವರ್ಷ ಮುಂದಕ್ಕೆ ಹೋಗುತ್ತದೆ. ಬೀಗರು ಬೀಗರು ಒಂದೇ ವಾರದಲ್ಲಿ ಒಬ್ಬರು ಇಳಿದು ಒಬ್ಬರು ಹತ್ತುವುದೂ ಉಂಟು. ಈ ಪಾಳಿಗೆ ಆತಿಥ್ಯ ಎಂಬ ಹೆಸರು ಸ್ವಲ್ಪ ದೊಡ್ಡದಾಯಿತು.

ಆದರೂ ಅಮ್ಮನಿಗೆ ಕಷ್ಟವಾಗಲಿಲ್ಲ. ಕೈತುಂಬ ಕೆಲಸವಿತ್ತು. ಮಗುವಿಗೆ ಎಣ್ಣೆನೀರು, ನನಗೆ ಪಥ್ಯ, ಅಳಿಯನಿಗೆ ಬಸ್ಸಾರು. ಒಗ್ಗರಣೆ ಹಾಕಿದರೆ ಚಾವಣಿಯ ಹೊಗೆಯ ಅಲಾರಂ ಕೂಗುತ್ತದೆ ಎಂದು ಗೊತ್ತಾದ ಮೇಲೆ, ಬಾಣಲೆ ಇಡುವ ಮೊದಲು ಅಪ್ಪನ ಕೈಗೆ ಒಂದು ಟವೆಲ್ ಕೊಟ್ಟು ಅದರ ಕೆಳಗೆ ನಿಲ್ಲಿಸುತ್ತಿದ್ದಳು, ಬೀಸಲು. ಸಂಜೆ ಪಾರ್ಕಿನಲ್ಲಿ ಅಜ್ಜಿಯರ ಬೆಂಚು. ಪಾವಗಡದ ಕಡೆಯವಳಾದ್ದರಿಂದ ಅಮ್ಮನಿಗೆ ತೆಲುಗೂ ಕನ್ನಡವೂ ನೀರು ಕುಡಿದ ಹಾಗೆ. ಮೈಸೂರಿನ ಅಜ್ಜಿಗೂ ಗುಂಟೂರಿನ ಅಜ್ಜಿಗೂ ಇವಳೇ ಮಧ್ಯಸ್ಥಗಾರ್ತಿ. ಅಲ್ಲಿ ಮಡಕಶಿರಾದ ಹೆಂಗಸೊಬ್ಬಳು ಸಿಕ್ಕಿದ ದಿನ ಮನೆಗೆ ಬಂದು, “ಇಲ್ಲೇ ಇದ್ದಿದ್ರೆ ಸಂತೇಲೇ ಸಿಗೋಳು, ಇಷ್ಟು ದೂರ ಬಂದು ಸಿಕ್ಕಿದ್ಳು ನೋಡು” ಎಂದಳು. ‘ಇಲ್ಲೇ’ ಎಂದರೆ ಊರು. ನಾವಿದ್ದ ಎಡಿಸನ್‌ನಲ್ಲಿ ಕೂತೂ ಅವಳ ‘ಇಲ್ಲಿ’ ಇಲ್ಲೇ ಇತ್ತು.

ಅಪ್ಪನದು ಬೇರೆ ಕಥೆ. ಗಂಡಸಿಗೆ ಬಾಣಂತನದಲ್ಲಿ ಕೆಲಸವಿಲ್ಲ, ಅಡುಗೆಮನೆಗೆ ಬಿಟ್ಟುಕೊಳ್ಳುವುದಿಲ್ಲ, ಕಾರು ಓಡಿಸಲು ಬರುವುದಿಲ್ಲ, ಕಾರಿಲ್ಲದೆ ಆ ಊರಿನಲ್ಲಿ ಬೀಡಿ ಅಂಗಡಿಗೂ ಹೋಗಲಾಗದು. ಅಂಗಡಿಯೂ ಇಲ್ಲವೆನ್ನಿ. ಟೀವಿ ಹಾಕಿಕೊಡುತ್ತಿದ್ದೆವು. ಹಣ್ಣು ಹೆಚ್ಚಿ ತಟ್ಟೆಯಲ್ಲಿಟ್ಟು ಕೊಡುತ್ತಿದ್ದೆವು. ತಟ್ಟೆ ಎತ್ತಿಡಲು ಎದ್ದರೆ ‘ನೀವು ಕೂತ್ಕೊಳಿ’ ಎನ್ನುತ್ತಿದ್ದೆವು. ಒಂದು ದಿನ ಅವರು ತಟ್ಟೆಯನ್ನು ಕೆಳಗಿಡದೆ ಹೇಳಿದರು: “ನಂಗೂ ಏನಾರ ಕೆಲ್ಸ ಹೇಳಮ್ಮಾ. ಊರಲ್ಲೂ ಕೂತ್ಕೊಂಡು ಬಾಡ್ಗೆ ತಿಂತಿದ್ದೀನಿ, ಇಲ್ಲೂ ಕೂತ್ಕೊಂಡೇ ತಿನ್ನಾ?”

ಈ ಸಭೆಯಲ್ಲಿ ಹೊಲ ಗುತ್ತಿಗೆಗೆ ಕೊಟ್ಟ ಮನೆಯವರು ಇದ್ದೀರಿ, ನಿಮಗೆ ಈ ಮಾತಿನ ಭಾರ ಗೊತ್ತು. ಬಾಡಿಗೆ ತಿಂಗಳ ಊಟ ಕೊಡುತ್ತದೆ, ಬೆಳಿಗ್ಗೆ ಐದಕ್ಕೆ ಎಬ್ಬಿಸುವುದಿಲ್ಲ. ಪರದೇಶದ ಮಕ್ಕಳು ಕೊಡುವ ಸುಖವೂ ಅಂಥದೇ. ಜೀವಮಾನವೆಲ್ಲ ಮನೆಯ ಯಜಮಾನನಾಗಿದ್ದವನನ್ನು ಕರೆಸಿಕೊಂಡು, ಪ್ರೀತಿಯಿಂದಲೇ, ಸೋಫಾ ಮೇಲೆ ಕೂರಿಸಿ ನೆಂಟನನ್ನಾಗಿ ಮಾಡುತ್ತೇವೆ. ಐ-94 ಅವನನ್ನು ಪ್ರವಾಸಿ ಎಂದು ಬರೆದುಕೊಳ್ಳುವುದು ಆ ದೇಶದ ಕಾನೂನು. ಮನೆಯೊಳಗೂ ಹಾಗೇ ಬರೆದುಕೊಳ್ಳಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.

ನ್ಯೂಜೆರ್ಸಿಯ ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ತುಂಡು ಹುಲ್ಲು ಇತ್ತು. ಮನೆ ಮಾಲೀಕರನ್ನು ಕೇಳಿ ಒಂದು ಮೂಲೆ ಅಗೆಯಲು ಒಪ್ಪಿಗೆ ಪಡೆದೆವು. ಅಲ್ಲಿ ಮೇ ತಿಂಗಳ ನಡುವಿನವರೆಗೂ ರಾತ್ರಿ ಹಿಮ ಬೀಳುವ ಭಯ. ಆಮೇಲೆ ಅಕ್ಟೋಬರಿನವರೆಗೆ ಒಳ್ಳೆಯ ಬಿಸಿಲು, ಕೇಳಿದಾಗಲೆಲ್ಲ ಮಳೆ. ಪಾವಗಡದ ರೈತನಿಗೆ ಅಂಥ ಮಳೆ ಕಂಡರೆ ಸಿಟ್ಟೇ ಬರುತ್ತದೆ. “ಇದನ್ನ ಹುಲ್ಲಿಗೆ ಹುಯ್ಯುತ್ತಲ್ಲಮ್ಮಾ ಇಲ್ಲಿ!” ಮೆಂತ್ಯ, ದಂಟು ಹಾಕಿದರು. ಗುಜರಾತಿ ಅಂಗಡಿಯಿಂದ ಹುರಿಯದ ಕಡ್ಲೇಬೀಜ ತಂದೆ. ಅಂಗೈ ಮೇಲೆ ಹರಡಿ ಒಂದೊಂದೇ ನೋಡಿ, ಸಿಪ್ಪೆ ಹರಿದದ್ದು, ಸುಕ್ಕಾದದ್ದು ಬೇರೆ ಮಾಡಿ, ಉಳಿದದ್ದನ್ನು ಬಿತ್ತಿದರು. ಹುಟ್ಟಿತು. ಹುಟ್ಟಿದ ಮೇಲೆ ಜಿಂಕೆ ಬಂತು. ನ್ಯೂಜೆರ್ಸಿಯಲ್ಲಿ ಜಿಂಕೆ ನಮ್ಮ ಕಡೆ ಬೀದಿನಾಯಿ ಇದ್ದಷ್ಟು. ಮಧುಗಿರಿ ಮೈದನಹಳ್ಳಿಯ ಕೃಷ್ಣಮೃಗ ಹೊಲಕ್ಕೆ ನುಗ್ಗುವುದನ್ನು ಕಂಡಿದ್ದ ಅಪ್ಪನಿಗೆ ಅದು ಹೊಸದಲ್ಲ. ಗೂಟ ಹೊಡೆದು ಬಲೆ ಕಟ್ಟಿ, ಹಳೇ ಸೀಡಿಗಳನ್ನು ದಾರದಲ್ಲಿ ಇಳಿಬಿಟ್ಟರು. ಆ ಮೇಲೆ ಅವರು ನಮ್ಮನ್ನು ಟೀವಿ ಹಾಕು ಎಂದು ಕೇಳಲಿಲ್ಲ. ಬೆಳಿಗ್ಗೆ ಎದ್ದರೆ ಹಿತ್ತಿಲಲ್ಲಿ. ಬೇಲಿಯಾಚೆಯ ಇಟಲಿ ಮೂಲದ ಮುದುಕರೊಬ್ಬರು ಟೊಮೆಟೊ ಬೆಳೆಯುತ್ತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಗೊಬ್ಬರದ ವಿಷಯಕ್ಕೆ ಇಬ್ಬರಿಗೂ ಭಿನ್ನಾಭಿಪ್ರಾಯ ಬಂದಿತ್ತು.

ಅಕ್ಟೋಬರಿನಲ್ಲಿ ಹೊರಡಬೇಕು. ವಾಯಿದೆ ಮುಗಿಯುವ ಮೊದಲೇ ಅರ್ಜಿ ಹಾಕಿ ಇನ್ನಷ್ಟು ತಿಂಗಳು ಕೇಳಬಹುದು ಎಂದು ನಮ್ಮವರು ಹೇಳಿದರು. ಅಪ್ಪ ಒಪ್ಪಲಿಲ್ಲ. ನಾಗಲಮಡಿಕೆ ಸುಬ್ರಹ್ಮಣ್ಯನ ತೇರಿಗೆ ಇರಬೇಕು ಎಂದರು. ಅಮ್ಮ ಮಗುವನ್ನು ಬಿಟ್ಟಿರಲಾರದೆ ಕೊನೇ ವಾರವೆಲ್ಲ ಚಪಾತಿ ಲಟ್ಟಿಸಿ ಫ್ರೀಜರಿಗೆ ತುಂಬಿದಳು. ಅಮೆರಿಕದ ನಿಲ್ದಾಣಗಳಲ್ಲಿ ಒಂದು ಸೌಕರ್ಯವಿದೆ, ಬೀಳ್ಕೊಡುವವರೂ ಒಳಗೆ ಹೋಗಿ ಸಾಮಾನು ತೂಕ ಹಾಕಿಸಬಹುದು. ತಪಾಸಣೆಯ ಸಾಲಿನವರೆಗೂ ಜೊತೆಗಿರಬಹುದು. 2001ರ ಸೆಪ್ಟೆಂಬರಿಗೆ ಮೊದಲು ವಿಮಾನದ ಬಾಗಿಲಿನ ಹತ್ತಿರದವರೆಗೂ ಬಿಡುತ್ತಿದ್ದರು. ಈಗ ಸಾಲಿನ ಪಟ್ಟಿಯೇ ಗಡಿ. ಆ ಸಾಲು ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುವುದರಿಂದ, ಒಮ್ಮೆ ಹೋಗಿಬನ್ನಿ ಎಂದು ಕಣ್ಣೊರೆಸಿಕೊಂಡವರು ಮತ್ತೆ ಐದು ನಿಮಿಷಕ್ಕೆ ಎದುರಿಗೇ ಬರುತ್ತಾರೆ. ಮತ್ತೆ ಹೋಗಿಬನ್ನಿ. ಮೂರನೇ ಸುತ್ತಿಗೆ ಅಳುವುದೋ ನಗುವುದೋ ತಿಳಿಯದೆ ಅಮ್ಮ, “ಸಾಕು ನೀವು ಮನೆಗೆ ಹೋಗ್ರಮ್ಮ, ಮಗು ಹಸ್ಕೊಂಡಿದೆ” ಎಂದು ಗದರಿದಳು.

ನವೆಂಬರಿನಲ್ಲಿ ಅತ್ತೆ ಮಾವ ಬಂದರು. ಮಾವನವರು ಕೊರಟಗೆರೆಯಲ್ಲಿ ಹೈಸ್ಕೂಲಿಗೆ ಗಣಿತ ಹೇಳಿ ನಿವೃತ್ತರಾದವರು, ಚಾಕ್‌ಪೀಸು ಬಿಟ್ಟು ಬೇರೆ ಏನನ್ನೂ ಹಿಡಿದವರಲ್ಲ. ಏಪ್ರಿಲ್ ಕೊನೆಗೆ ವಾಪಸು ಟಿಕೆಟ್. ಅಷ್ಟರಲ್ಲಿ ಕೊರೊನಾ ಬಂತು, 2020ರ ಮಾರ್ಚ್ 22ರಿಂದ ಭಾರತ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳನ್ನು ನಿಲ್ಲಿಸಿತು. ಬೀಳ್ಕೊಡುವ ದಿನವೇ ಇಲ್ಲವಾಯಿತು. ಇನ್ನಷ್ಟು ದಿನ ಇದ್ದರೆ ಚೆನ್ನಾಗಿತ್ತು ಎಂದು ಎಲ್ಲ ಮಕ್ಕಳೂ ಬಾಯಿಮಾತಿಗೆ ಹೇಳುತ್ತೇವೆ. ಅದು ನಿಜವಾದಾಗ ಮಾವನವರ ರಕ್ತದೊತ್ತಡದ ಮಾತ್ರೆ ಮೂರು ವಾರಕ್ಕೆ ಉಳಿದಿತ್ತು. ಊರಿನ ಮಾತ್ರೆಗೆ ಅಲ್ಲಿನ ಡಾಕ್ಟರ ಚೀಟಿ, ಪ್ರವಾಸಿ ವಿಮೆಯನ್ನು ಮುಂದುವರಿಸುವುದು, ಇನ್ನಷ್ಟು ತಿಂಗಳು ಕೇಳುವ ಐ-539 ಅರ್ಜಿ ತುಂಬಿ ಗಡುವು ಮುಗಿಯುವ ಮೊದಲು ಕಳಿಸುವುದು, ಇದರಲ್ಲೇ ಏಪ್ರಿಲ್ ಹೋಯಿತು. ನಮ್ಮ ಹಾಗೆ ಸಿಕ್ಕಿಕೊಂಡವರು ಊರೂರಿಗೂ ಇದ್ದರು. ಮೇ 7ರಿಂದ ಅಂಥವರನ್ನು ಊರಿಗೆ ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದವು, ಹೆಸರು ಬರೆಸಿ ಕಾಯಬೇಕು.

ಕಾಯುವುದು ಎಂದರೆ ಕೂರುವುದು. ಮಾವನವರು ದಿನಕ್ಕೆ ನಾಲ್ಕು ಸಲ ರಕ್ತದೊತ್ತಡ ನೋಡಿಕೊಂಡು ನೋಟ್‌ಬುಕ್ಕಿನಲ್ಲಿ ಗ್ರಾಫ್ ಎಳೆಯತೊಡಗಿದರು. ನಾನು ಬಲಸಮುದ್ರಕ್ಕೆ ವೀಡಿಯೊ ಕರೆ ಹಚ್ಚಿ, ಫೋನನ್ನು ಅವರ ಕೈಗೆ ಕೊಟ್ಟು, ಗುದ್ದಲಿಯನ್ನೂ ಕೊಟ್ಟೆ. “ಬೀಗರೇ, ಮೊದ್ಲು ಕ್ಯಾಮೆರಾ ನೆಲಕ್ಕೆ ತೋರ್ಸಿ” ಎಂದರು ಅಪ್ಪ. ಅಲ್ಲಿಂದ ಪಾಠ. ಮೇಷ್ಟ್ರು ಸ್ಕೇಲು ಹಿಡಿದು ಸಾಲಿನಿಂದ ಸಾಲಿಗೆ ಒಂದಡಿ ಗುರುತು ಹಾಕಿ, ದಾರ ಕಟ್ಟಿ, ನೇರವಾಗಿ ಕಡ್ಲೇಬೀಜ ಊರಿದರು. ಬೀಜದ ಮೊಳಕೆ ಕಡೆ ಕೆಳಗಿರಬೇಕು ಎಂದು ಅಪ್ಪ ಹೇಳುವಷ್ಟರಲ್ಲಿ ಅರ್ಧ ಸಾಲು ಮುಗಿದಿತ್ತು, ಎಲ್ಲ ಕಿತ್ತು ಮತ್ತೆ ಊರಿದರು. ನಮಗೆ ಸಂಜೆಯಾದರೆ ಬಲಸಮುದ್ರದಲ್ಲಿ ನಸುಕು. ಅಪ್ಪ ಮತ್ತೆ ಐದಕ್ಕೆ ಏಳತೊಡಗಿದ್ದಾರೆ ಎಂದು ಅಮ್ಮ ಹೇಳಿದಳು, ಮಾವನವರ ಹಿತ್ತಿಲ ಕೆಲಸಕ್ಕೆ.

ಜುಲೈಯಲ್ಲಿ ಅತ್ತೆ ಮಾವನಿಗೆ ವಿಮಾನ ಸಿಕ್ಕಿತು. ಆ ಬೀಳ್ಕೊಡುಗೆಯಲ್ಲಿ ಸಾಲಿನ ಸುತ್ತೂ ಇಲ್ಲ, ಕುಂಕುಮವೂ ಇಲ್ಲ. ಮುಖಗವಸು ಹಾಕಿ ಕಾರಿನಿಂದ ಇಳಿಸಿ, ಅಲ್ಲಿಂದಲೇ ಕೈ ಬೀಸಿ ಬಂದೆವು. ಕಡ್ಲೇಕಾಯಿ ಇನ್ನೂ ಹೂ ಬಿಟ್ಟು ಊಡು ಇಳಿಯುತ್ತಿತ್ತು.

ಸೆಪ್ಟೆಂಬರಿನಲ್ಲಿ ಬಲಸಮುದ್ರದಿಂದ ಒಂದು ಫೋನು, ಕೊರಟಗೆರೆಯಿಂದ ಒಂದು ಫೋನು. ಬಿತ್ತಿದ ತಾರೀಖಿನಿಂದ ಎಣಿಸಿದರೆ ದಿನ ತುಂಬಿದೆ, ಕೀಳಬಹುದು ಎಂದರು ಮೇಷ್ಟ್ರು. ದಿನ ಎಣಿಸಿದರೆ ಆಗೋದಿಲ್ಲ, ಒಂದು ಗಿಡ ಕಿತ್ತು ಕಾಯಿ ಒಡೆದು ಸಿಪ್ಪೆಯ ಒಳಗೆ ನೋಡಬೇಕು, ಕಪ್ಪಾಗಿದ್ದರೆ ಬಲಿತಿದೆ ಎಂದರು ಅಪ್ಪ. ಕಿತ್ತು ಒಡೆದೆ. ಕೆಲವು ಕಪ್ಪು, ಕೆಲವು ಬಿಳಿ. ಇಬ್ಬರಿಗೂ ಫೋಟೋ ಕಳಿಸಿದೆ. ಇನ್ನೊಂದು ವಾರ ಇರಲಿ ಎಂದರು ಒಬ್ಬರು, ಮಳೆ ಬಂದರೆ ನೆಲದಲ್ಲೇ ಮೊಳೆಯುತ್ತೆ ಎಂದರು ಇನ್ನೊಬ್ಬರು. ಬೀಗರಿಬ್ಬರೂ ಒಂದೇ ಕರೆಯಲ್ಲಿ ಸೇರಿ ಅರ್ಧ ಗಂಟೆ ವಾದ ಮಾಡಿದರು. ತೀರ್ಮಾನ ಆಗಲಿಲ್ಲ. ಶನಿವಾರ ರಜೆ ಇತ್ತು, ನಾನು ಕಿತ್ತೆ.